ಎಂಜಿನಿಗೆ ತಣ್ಣನೆಯ ಉಸಿರು

ಕಬ್ಬಿನ ಹಂಗಾಮಿನಲ್ಲಿ ಮದ್ದೂರಿನ ರಸ್ತೆಬದಿಯಲ್ಲಿ ನಿಂತವರು, ತುಂಬಿದ ಲಾರಿಗಳು ಕೊಪ್ಪದ ಕಡೆಗೋ ಮಂಡ್ಯದ ಕಡೆಗೋ ಏದುಸಿರು ಬಿಡುತ್ತ ಸಾಗುವುದನ್ನು ಕಂಡಿರಬೇಕು. ಏದುಸಿರೆಂಬುದು ಇಲ್ಲಿ ಬರಿಯ ಅಲಂಕಾರವಲ್ಲ. ಎಂಜಿನು ನಿಜವಾಗಿಯೂ ಉಸಿರಾಡುತ್ತದೆ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು.

ಎಂಜಿನನ್ನು ಹಿಗ್ಗಿಸದೆಯೇ ಅದಕ್ಕೆ ಹೆಚ್ಚು ಗಾಳಿಯನ್ನು ಉಣಿಸುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದನು. ವ್ಯರ್ಥವಾಗಿ ಹೊರಬೀಳುವ ಬಿಸಿ ಹೊಗೆಯು ಒಂದು ಟರ್ಬೈನನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮೇಲಿರುವ ಸಂಪೀಡಕವು ಹೊರಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ. ಇದೇ ಟರ್ಬೊಚಾರ್ಜರ್.

ಆದರೆ ಇಲ್ಲೊಂದು ತೊಡಕುಂಟು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ವಾಚಕರು ಬಲ್ಲರು. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಹಿಗ್ಗಿ ವಿರಳವಾಗುತ್ತದೆ. ಲೆಕ್ಕ ಹಾಕಿ ನೋಡೋಣ. 35° ಸೆಂಟಿಗ್ರೇಡಿನ ಗಾಳಿಯ ಒತ್ತಡವನ್ನು, ಶೇಕಡಾ 70ರಷ್ಟು ದಕ್ಷತೆಯುಳ್ಳ ಸಂಪೀಡಕವು ಇಮ್ಮಡಿಗೊಳಿಸಿದರೆ ಉಷ್ಣತೆಯು ಸುಮಾರು 130°ಗೆ ಏರುವುದು. ಸಾಂದ್ರತೆಯಾದರೋ ಎರಡರಷ್ಟಾಗದೆ ಒಂದೂವರೆಯಷ್ಟೇ ಆಗುವುದು. ಈ ಗಾಳಿಯನ್ನು ಅದೇ ಒತ್ತಡದಲ್ಲಿ 60°ಗೆ ತಣಿಸಿದರೆ ಸಾಂದ್ರತೆ 1.85ರಷ್ಟಾಗುತ್ತದೆ. ಅಂದರೆ, ತಣಿಸಿದುದರಿಂದಲೇ ಐದನೆಯ ಒಂದು ಪಾಲಿನಷ್ಟು ಹೆಚ್ಚು ಆಮ್ಲಜನಕ ದೊರೆಯಿತು!

ತಣಿಸುವ ಬಗೆಗಳು ಮೂರು. ಮೊದಲನೆಯದು, ಮುಂಭಾಗದಲ್ಲಿ ಕೂರಿಸಿದ ಅಲ್ಯುಮಿನಿಯಮ್ ಕೊಳವೆಗಳ ಇಂಟರ್‌ಕೂಲರ್. ಕೊಳವೆಯೊಳಗೆ ಬಿಸಿ ಗಾಳಿ, ಹೊರಗೆ ಎದುರುಗಾಳಿ. ಇದು ಸರಳ, ಆದರೆ ಗಾಡಿ ನಿಂತರೆ ಎದುರುಗಾಳಿಯೂ ನಿಲ್ಲುತ್ತದೆ, ಆಗ ಫ್ಯಾನೇ ಗತಿ. ಎರಡನೆಯದರಲ್ಲಿ ನೀರು ಶಾಖವನ್ನು ಹೀರಿ ಬೇರೊಂದು ರೇಡಿಯೇಟರಿಗೆ ಒಯ್ಯುತ್ತದೆ. ಗಾಳಿಯ ಕೊಳವೆಗಳನ್ನು ಚಿಕ್ಕದಾಗಿಸಬಹುದಾದರೂ ಪಂಪು, ಭಾರ, ಖರ್ಚು ಹೆಚ್ಚುತ್ತವೆ. ಈ ಎರಡರಲ್ಲಿಯೂ ಶಾಖ ಕೊನೆಗೆ ಸೇರುವುದು ಹೊರಗಾಳಿಯನ್ನೇ. ಆದುದರಿಂದ ಹೊರಗಾಳಿಗಿಂತ ತಣ್ಣಗೆ ಮಾಡಲು ಇವುಗಳಿಂದ ಆಗದು. ಮೂರನೆಯದು ಮಣ್ಣಿನ ಹೂಜಿಯ ನ್ಯಾಯ: ಸಿಂಪಡಿಸಿದ ನೀರು ಆವಿಯಾಗುತ್ತ ಶಾಖವನ್ನು ಸೆಳೆದುಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕೆಲವು ವಿಮಾನಗಳಲ್ಲಿ ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಹೀಗೆ ಬಳಸಿದ್ದರು.

ಕಬ್ಬಿನ ಲಾರಿಯ ಒಡೆಯನಿಗೆ ಇದರಲ್ಲಿ ಪಾಠವುಂಟು. ಇಂಟರ್‌ಕೂಲರಿನ ಸಂದುಗಳಲ್ಲಿ ತರಗೂ ಕೆಸರೂ ಮೆತ್ತಿಕೊಂಡರೆ ಗಾಳಿ ತಣಿಯದು. ಆಗ ಹೊಗೆ ಕಪ್ಪಾಗುವುದು, ಎಳೆತ ಕುಗ್ಗುವುದು, ಪಿಸ್ಟನ್ನುಗಳು ಮಿತಿಮೀರಿ ಕಾಯುವುವು. ವಾರಕ್ಕೊಮ್ಮೆ ಮೆಲ್ಲಗೆ ನೀರು ಹಾಯಿಸಿ ತೊಳೆದರೆ ಸಾಕು; ಜೋರಾಗಿ ಹೊಡೆದರೆ ತೆಳುವಾದ ರೆಕ್ಕೆಗಳು ಬಾಗಿ ಇದ್ದ ದಾರಿಯೂ ಮುಚ್ಚೀತು. ಭಾರ ಹೊರುವವನಿಗೆ ಅನ್ನದಷ್ಟೇ ಉಸಿರೂ ಮುಖ್ಯವಲ್ಲವೆ?