ಕಾರಿನ ಕಪ್ಪು ಗಾಜು: 50 ಅಂದರೆ 50 ಅಲ್ಲ

ಹೋದ ಬೇಸಿಗೆಯಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಕಾರಿಗೆ ಸನ್ ಫಿಲ್ಮ್ ಹಾಕಿಸೋಕೆ ಹೋಗಿದ್ದೆ. ಅಂಗಡಿಯವರು ಒಂದು ರೋಲ್ ಬಿಚ್ಚಿ, "ಫಿಫ್ಟಿ ಪರ್ಸೆಂಟ್ ಸಾರ್, ಫುಲ್ ಲೀಗಲ್" ಅಂದರು. "ಫಿಲ್ಮ್ ಒಂದರದ್ದೇ ಲೆಕ್ಕಾನಾ, ಗಾಜು ಸೇರಿಸಿಯಾ?" ಅಂತ ಕೇಳಿದೆ. ಫಿಲ್ಮ್‌ದಂತೆ. ಹಾಗಿದ್ದರೆ ಅದು ಯಾವ ಗಾಜಿನ ಮೇಲೂ ಲೀಗಲ್ ಆಗೋಕೆ ಸಾಧ್ಯವೇ ಇಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಶೇ. 70ರಷ್ಟು ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ, ಶೇ. 50ರಷ್ಟು ಪಕ್ಕದ ಗಾಜಿನ ಮೂಲಕ ಹಾಯಲೇಬೇಕು. ಕಪ್ಪು ಗಾಜಿನ ಮರೆಯಲ್ಲಿ ಅಪರಾಧಗಳು ನಡೆಯುತ್ತಿವೆ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಬಗೆಯ ಫಿಲ್ಮನ್ನೂ ನಿಷೇಧಿಸಿತು. ಝಡ್, ಝಡ್ ಪ್ಲಸ್ ಭದ್ರತೆಯವರಿಗೆ ಮಾತ್ರ ವಿನಾಯಿತಿಯ ದಾರಿ ಬಿಟ್ಟಿತು (ಬಿಸಿಲು ಎಲ್ಲರಿಗೂ ಒಂದೇ, ಗಾಜು ಅಲ್ಲ). ಆಮೇಲೆ ನಿಯಮಕ್ಕೆ ತಿದ್ದುಪಡಿಯಾಯ್ತು. ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು.

ಆದರೆ ಆ ಮಿತಿ ಗಾಜು, ಫಿಲ್ಮ್ ಎರಡಕ್ಕೂ ಸೇರಿದ್ದು. ಅಪ್ಪಟ ತಿಳಿಗಾಜು ಕೂಡ ಬೆಳಕನ್ನು ಪೂರ್ತಿ ಬಿಡಲ್ಲ. ಗಾಳಿಯಿಂದ ಗಾಜಿಗೆ ಹೊಕ್ಕುವಾಗ ಸುಮಾರು ಶೇ. 4, ಹೊರಬೀಳುವಾಗ ಇನ್ನೊಂದು ಶೇ. 4 ವಾಪಸ್ ಚಿಮ್ಮುತ್ತದೆ. ಗಾಜಿನಲ್ಲಿರುವ ಕಬ್ಬಿಣದ ಅಂಶ ಮತ್ತಷ್ಟು ನುಂಗುತ್ತದೆ. ಗಾಜಿನ ಅಂಚು ಹಸಿರಾಗಿ ಕಾಣೋದು ಅದಕ್ಕೇ. ಕಂಪನಿಯಿಂದ ಬಂದ ಗಾಜು ಶೇ. 70 ಬಿಡುತ್ತದೆ ಅಂತಿಟ್ಟುಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಅಂಟಿಸಿದರೆ ಒಳಗೆ ಬರೋದು 70ರ ಅರ್ಧ, ಅಂದರೆ 35. ಇಲ್ಲಿ ಕೂಡೋದು, ಕಳೆಯೋದು ಇಲ್ಲ, ಗುಣಿಸಬೇಕು. ಅಂಥ ಗಾಜಿಗೆ ಕಡಿಮೆ ಅಂದರೂ 72ರ ಫಿಲ್ಮ್ ಬೇಕು.

ಇನ್ನು, 'ಒಳಗಿನಿಂದ ಹೊರಗೆ ಕಾಣುತ್ತೆ, ಹೊರಗಿನಿಂದ ಒಳಗೆ ಕಾಣಲ್ಲ' ಅನ್ನೋ ಜಾಹೀರಾತು. ಫಿಲ್ಮ್‌ಗೆ ಒಳಗು ಹೊರಗು ಗೊತ್ತಿಲ್ಲ, ಎರಡೂ ಕಡೆಗೆ ಅಷ್ಟೇ ಬೆಳಕು ಬಿಡುತ್ತದೆ. ಹಗಲಲ್ಲಿ ನೀವು ರಸ್ತೆ ನೋಡುವಾಗ ಬೆಳಕು ಒಮ್ಮೆ ಮಾತ್ರ ಗಾಜು ದಾಟುತ್ತದೆ: 35. ಹೊರಗಿನವರಿಗೆ ನಿಮ್ಮ ಮುಖ ಕಾಣಬೇಕಾದರೆ ಬಿಸಿಲು ಪಕ್ಕದ ಗಾಜಿನಿಂದ ಒಳಗೆ ಬಂದು, ಮುಖಕ್ಕೆ ಬಿದ್ದು, ಅದೇ ಗಾಜು ದಾಟಿ ಹೊರಗೆ ಹೋಗಬೇಕು: 35ರಲ್ಲಿ ಮತ್ತೆ ಶೇ. 35, ಸುಮಾರು 12. ಅದರ ಮೇಲೆ ಆಕಾಶದ ಪ್ರತಿಫಲನ ಬೇರೆ. ರಾತ್ರಿ ಒಳಗಿನ ಲೈಟ್ ಹಾಕಿ ನೋಡಿ, ಆಟವೇ ಉಲ್ಟಾ. ಹಾಗಾಗಿ ಸಿಗ್ನಲ್‌ನಲ್ಲಿ ಬರೀ ಕಣ್ಣಂದಾಜಿನ ಮೇಲೆ ದಂಡ ಹಾಕೋದನ್ನು ನಾನು ಒಪ್ಪಲ್ಲ. ಮೀಟರ್ ಇಟ್ಟು ಅಳೆಯಲಿ.

ನಿಜವಾದ ತಮಾಷೆ ಅಂದರೆ, ಜನ ಫಿಲ್ಮ್ ಹಾಕಿಸೋದು ಸೆಕೆಗೆ, ಕಾನೂನು ಅಳೆಯೋದು ಬೆಳಕನ್ನ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧ ಇರೋದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ. ಬರೀ ಬಣ್ಣ ಹಾಕಿದ ಅಗ್ಗದ ಕಪ್ಪು ಫಿಲ್ಮ್ ಕಣ್ಣಿನ ಬೆಳಕನ್ನು ತಿಂದು, ಇವುಗಳಲ್ಲಿ ಬಹುಪಾಲನ್ನು ಸಲೀಸಾಗಿ ಒಳಗೆ ಬಿಡಬಹುದು. ಹೆಚ್ಚುಕಡಿಮೆ ತಿಳಿಯಾಗೇ ಕಾಣುವ ಸೆರಾಮಿಕ್ ಫಿಲ್ಮ್‌ಗಳು ಅವನ್ನೇ ಹೆಚ್ಚು ತಡೆಯುತ್ತವೆ. ಆದರೆ ಬೆಲೆ ಜಾಸ್ತಿ. ದಿನವಿಡೀ ಬಿಸಿಲಲ್ಲಿ ಕೂರುವ ಕ್ಯಾಬ್ ಡ್ರೈವರ್‌ಗೆ ಬೇಕಿರೋದು ಅದು, ಕೈಗೆಟುಕೋದು ಕಪ್ಪು ರೋಲ್.

ಅಂಗಡಿಯವರನ್ನು ಕೊನೆಗೆ ಒಂದು ಮಾತು ಕೇಳಿದೆ: "ಅಂಟಿಸಿದ ಮೇಲೆ ಅಳೆದು ತೋರಿಸ್ತೀರಾ?" ಮೀಟರ್ ಇರಲಿಲ್ಲ. "ಪೊಲೀಸರ ಹತ್ರಾನೂ ಇರಲ್ಲ ಬಿಡಿ ಸಾರ್" ಅಂದರು. ಫಿಲ್ಮ್ ಹಾಕಿಸದೇ ವಾಪಸ್ ಬಂದೆ.