ಕಪ್ಪು ಹೊಗೆ ಬಲದ ಗುರುತಲ್ಲ

ಅಮೆರಿಕದಲ್ಲಿ ಡೀಸೆಲ್ ಪಿಕಪ್ ಟ್ರಕ್ಕಿನ ಬಲ ಹೆಚ್ಚಿಸುವುದು ಹಲವರ ಹವ್ಯಾಸ. 1989ರ ಮಾದರಿಯ ಡಾಡ್ಜ್ ರ‍್ಯಾಮ್ ಟ್ರಕ್ಕಿನಲ್ಲಿದ್ದ 5.9 ಲೀಟರ್ ಕಮಿನ್ಸ್ ಎಂಜಿನ್ನಿನ ಸಾಮರ್ಥ್ಯ 160 ಅಶ್ವಶಕ್ತಿ. ಇಂಥ ಎಂಜಿನ್ನಿನಲ್ಲಿ ಬಲವನ್ನು ನಿರ್ಧರಿಸುವುದು ಸಿಲಿಂಡರಿಗೆ ಚಿಮ್ಮುವ ಇಂಧನದ ಪ್ರಮಾಣ. ಪಂಪಿನ ತಿರುಪು ತಿರುಗಿಸಿ ಇಂಧನ ಹೆಚ್ಚಿಸಿದರೆ ಬಲವೇನೋ ಏರುತ್ತದೆ. ಆದರೆ 1 ಕಿಲೋಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಎರಡೂ ಚೆನ್ನಾಗಿ ಬೆರೆಯಲು ಇನ್ನೂ ಹೆಚ್ಚು. ಗಾಳಿ ಸಾಲದಿದ್ದರೆ ಉರಿಯದುಳಿದ ಕಾರ್ಬನ್ ಕಪ್ಪು ಹೊಗೆಯಾಗುತ್ತದೆ. ಕೆಲವರು ಅದನ್ನೇ ಶಕ್ತಿಯೆಂದು ಮೆಚ್ಚುವುದುಂಟು! ಒಳಗೆ ಉಷ್ಣತೆ ಏರಿ ಅಲ್ಯೂಮಿನಿಯಂ ಪಿಸ್ಟನ್ ಕರಗಲೂಬಹುದು.

ಟರ್ಬೊ ಒತ್ತಿ ಕಳುಹಿಸುವ ಗಾಳಿ ಬಿಸಿಯಾಗಿ ವಿರಳವಾಗುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಿದರೆ ಅದೇ ಸಿಲಿಂಡರಿನಲ್ಲಿ ಹೆಚ್ಚು ಆಕ್ಸಿಜನ್ ಹಿಡಿಸುತ್ತದೆ. 1991ರಲ್ಲಿ ತಯಾರಕರೇ ಈ ಟ್ರಕ್ಕಿಗೆ ಇಂಟರ್‌ಕೂಲರ್ ಅಳವಡಿಸಿದರು. ದಿನವೂ ಹೊರೆ ಎಳೆದು ಏರು ಹತ್ತುವ ಟ್ರಕ್ಕಿಗೆ ಮೊದಲು ಕೊಳ್ಳಬೇಕಾದದ್ದು ಹೊರಬರುವ ಅನಿಲದ ಉಷ್ಣತಾಮಾಪಕ.