ನೀರಿನ ಲೆಕ್ಕ: ಬಳ್ಳಾರಿ ಸೀಮೆಯ ಹೊಲಗದ್ದೆಗಳಲ್ಲಿ ಹುಟ್ಟುವ ಕೆಲವು ಪ್ರಶ್ನೆಗಳಿಗೆ ಸಮಾಧಾನ

ಮಳೆ ಬಿದ್ದು ನಿಂತೊಡನೆ ಊರ ಕಟ್ಟೆಯ ಮೇಲೆ ಮೊದಲು ಹುಟ್ಟುವ ಮಾತು "ಎಷ್ಟಾಯಿತು?" ಎಂಬುದು. ಒಬ್ಬರು ಗೇಣು ಹಸಿ ಎನ್ನುವರು. ಇನ್ನೊಬ್ಬರು ಒಡ್ಡು ತುಂಬಿತೆನ್ನುವರು. ವೃತ್ತಪತ್ರಿಕೆಯು ಮಿಲಿಮೀಟರುಗಳಲ್ಲಿ ಹೇಳುವುದು. ಕಾಲುವೆಯ ಸೀಮೆಯಲ್ಲಾದರೋ ಕ್ಯುಸೆಕ್ಸ್, ಟಿ.ಎಂ.ಸಿ. ಎಂಬ ಶಬ್ದಗಳು ದಿನಬಳಕೆಯವಾಗಿವೆ. ಇವುಗಳ ಅರ್ಥವನ್ನು ಸರಿಯಾಗಿ ತಿಳಿದು, ಒಂದನ್ನು ಇನ್ನೊಂದಕ್ಕೆ ತಾಳೆ ನೋಡುವವರು ಮಾತ್ರ ವಿರಳ. ವರ್ಷಕ್ಕೆ ಸುಮಾರು 20 ಅಂಗುಲ ಮಳೆಯನ್ನು ನಂಬಿ ಬಾಳುವ ಸೀಮೆಯಲ್ಲಿ ಈ ಅಜ್ಞಾನವು ಸಣ್ಣ ದೋಷವಲ್ಲ. 1876-78ರ ಧಾತು ಈಶ್ವರ ಬರದಲ್ಲಿ ಈ ಜಿಲ್ಲೆಯು ಪಟ್ಟ ಪಾಡನ್ನು ಹಿರಿಯರು ಹೇಳಿ ಹೋಗಿದ್ದಾರೆ. ನೀರಿನ ಲೆಕ್ಕವು ಕಠಿನವಾದುದಲ್ಲ. ಗುಣಾಕಾರ ಭಾಗಾಕಾರ ಬಲ್ಲವರೆಲ್ಲರೂ ಇದನ್ನು ಮಾಡಬಹುದು.

1. ಒಂದು ಅಂಗುಲ ಮಳೆ ಎಂದರೇನು?

ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನೆಲದ ಮೇಲೆ ಸಮನಾಗಿ ನಿಂತರೆ ಎಷ್ಟು ಎತ್ತರ ನಿಲ್ಲುವುದೋ ಅದೇ ಮಳೆಯ ಅಳತೆ. ಒಂದು ಅಂಗುಲವು 25.4 ಮಿಲಿಮೀಟರಿಗೆ ಸಮ. ಆದುದರಿಂದ ಪತ್ರಿಕೆಯಲ್ಲಿ 50 ಮಿಲಿಮೀಟರು ಎಂದಿದ್ದರೆ ಸುಮಾರು ಎರಡು ಅಂಗುಲವೆಂದು ತಿಳಿಯತಕ್ಕದ್ದು.

ಅಗಲವಾದ ಪಾತ್ರೆಯಲ್ಲಿ ಹೆಚ್ಚು ಅಂಗುಲ ಕೂಡುವುದಿಲ್ಲವೇ ಎಂದು ಕೆಲವರು ಕೇಳುವುದುಂಟು. ಇಲ್ಲ. ಬಾಯಿ ಅಗಲವಾದಷ್ಟೂ ಹೆಚ್ಚು ನೀರು ಬೀಳುವುದು ನಿಜ. ಆದರೆ ಆ ನೀರು ಅಷ್ಟೇ ಅಗಲವಾದ ತಳದ ಮೇಲೆ ಹರಡಿಕೊಳ್ಳುವುದರಿಂದ ಎತ್ತರವು ಒಂದೇ ಆಗಿರುವುದು. ಪಾತ್ರೆಯ ಬಾಯಿಯೂ ತಳವೂ ಒಂದೇ ಅಗಲವಾಗಿ, ಗೋಡೆ ನೆಟ್ಟಗಿರಬೇಕೆಂಬುದೊಂದೇ ನಿಯಮ. ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ತಂಬಿಗೆಯು ಕಡಿಮೆ ಮಳೆಯನ್ನು ತೋರಿಸುವುದು. ಬಾಯಿ ಅಗಲವಾಗಿ ತಳ ಕಿರಿದಾದ ಬಕೀಟು ಹೆಚ್ಚು ಮಳೆಯನ್ನು ತೋರಿಸುವುದು. ನೆಟ್ಟಗಿನ ಡಬ್ಬಿಯೊಂದನ್ನು ಮರ ಮನೆಗಳಿಂದ ದೂರವಾಗಿ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ಅಳತೆಪಟ್ಟಿಯನ್ನು ಇಳಿಸಿ ನೋಡಿ ಬರೆದಿಡುವವರಿಗೆ ಮೂರು ನಾಲ್ಕು ವರ್ಷಗಳಲ್ಲಿ ತಮ್ಮ ಊರಿನ ಮಳೆಯ ರೀತಿಯು ಕೈಗನ್ನಡಿಯಂತೆ ತೋರುವುದು. ಹುಬ್ಬೆ ಉತ್ತರೆಗಳ ಮಳೆಯು ಒಂದೂರಿಗೆ ಬಿದ್ದು ಪಕ್ಕದೂರನ್ನು ಬಿಟ್ಟುಹೋಗುವುದು ಇಲ್ಲಿ ಸಾಮಾನ್ಯವಾದುದರಿಂದ, ಪಟ್ಟಣದ ಅಳತೆಯನ್ನು ಹಳ್ಳಿಗೆ ಅನ್ವಯಿಸಲಾಗದು.

2. ಅಂಗುಲ ಮಳೆಯ ನೀರು ಎಷ್ಟು?

ಒಂದು ಎಕರೆಗೆ 43,560 ಚದರಡಿ. ಅದರ ಮೇಲೆ ಒಂದು ಅಂಗುಲ, ಎಂದರೆ ಅಡಿಯ ಹನ್ನೆರಡನೆಯ ಒಂದು ಪಾಲು ನೀರು ನಿಂತರೆ 3,630 ಘನ ಅಡಿಗಳಾದವು. ಲೀಟರಿನ ಲೆಕ್ಕದಲ್ಲಿ ಇದು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಈ ಜಿಲ್ಲೆಯಲ್ಲಿ ಎಕರೆಯನ್ನು ನೂರು ಸೆಂಟುಗಳಾಗಿ ಎಣಿಸುವ ರೂಢಿಯಿರುವುದರಿಂದ ಸೂತ್ರವನ್ನು ಹೀಗೆ ನೆನಪಿಡಬಹುದು: ಅಂಗುಲ ಮಳೆಗೆ ಸೆಂಟಿಗೆ ಸಾವಿರ ಲೀಟರು, ಎಕರೆಗೆ ಲಕ್ಷ ಲೀಟರು.

ಐದು ಸಾವಿರ ಲೀಟರಿನ ಟ್ಯಾಂಕರು ಇಪ್ಪತ್ತು ಸಲ ಬಂದು ಸುರಿದರೆ ಎಷ್ಟೋ ಅಷ್ಟು ನೀರನ್ನು ಒಂದು ಅಂಗುಲ ಮಳೆಯು ಒಂದೆಕರೆಗೆ ಪುಕ್ಕಟೆಯಾಗಿ ಕೊಟ್ಟುಹೋಗುವುದು. ತೂಕದಲ್ಲಿ ಅದು ನೂರು ಟನ್ನಿಗೂ ಹೆಚ್ಚು. ಟ್ಯಾಂಕರಿನ ನೀರು ದಾರಿಯಲ್ಲಿ ಚೆಲ್ಲಿದರೆ ಗದರುವವರು ಹೊಲದಿಂದ ಹರಿದುಹೋಗುವ ಮಳೆಯ ನೀರನ್ನು ನೋಡಿಯೂ ಸುಮ್ಮನಿರುವುದೇಕೆಂಬುದನ್ನು ವಿಚಾರ ಮಾಡಬೇಕು.

3. ಅದೇ ಮಳೆ ಮಸಾರಿಯಲ್ಲಿ ಅಡಿ ಇಳಿದರೆ ಎರೆಯಲ್ಲಿ ಗೇಣೂ ಇಳಿಯುವುದಿಲ್ಲವೇಕೆ?

ಮಣ್ಣು ಹೀರುವ ಬಟ್ಟೆಯಿದ್ದಂತೆ. ತೆಳುವಾದ ಬಟ್ಟೆಯು ಸ್ವಲ್ಪ ನೀರಿನಿಂದಲೇ ಉದ್ದಕ್ಕೂ ನೆನೆಯುವುದು. ದಪ್ಪ ಕಂಬಳಿಯು ಅಷ್ಟೇ ನೀರನ್ನು ಕುಡಿದು ಅಂಚಿನಲ್ಲಿ ಮಾತ್ರ ನೆನೆದಿರುವುದು. ಮಸಾರಿಯ ಕಣಗಳು ದಪ್ಪವಾಗಿರುವುದರಿಂದ ಒಂದಡಿ ಆಳದ ಮಣ್ಣು ಪೈರಿಗೆ ದೊರೆಯುವಂತಹ ನೀರನ್ನು ಸುಮಾರು ಒಂದು ಅಂಗುಲ ಮಾತ್ರ ಹಿಡಿದಿಡಬಲ್ಲುದು. ಎರೆಯ ಕಣಗಳು ಅತಿ ನುಣುಪು. ಒಂದಡಿ ಆಳದಲ್ಲಿ ಸುಮಾರು ಎರಡು ಅಂಗುಲ ಹಿಡಿಯುವುದು. ಆದುದರಿಂದ ಒಂದು ಅಂಗುಲ ಮಳೆಯು ಮಸಾರಿಯಲ್ಲಿ ಅಡಿಯಷ್ಟೂ ಎರೆಯಲ್ಲಿ ಅರ್ಧ ಅಡಿಯಷ್ಟೂ ಇಳಿಯುವುದು.

ಇದರಿಂದಲೇ ಹಿಂಗಾರಿಯ ಗುಟ್ಟು ತಿಳಿಯುವುದು. ಮೂರಡಿ ಆಳದ ಎರೆ ಭೂಮಿಯು ತುಂಬಿಕೊಂಡರೆ ಆರು ಅಂಗುಲ ನೀರು ಅದರ ಉಗ್ರಾಣದಲ್ಲಿದ್ದಂತೆ; ಚಿತ್ತೆಯ ನಂತರ ಮಳೆ ಹಿಂದೆಗೆದರೂ ಬಿಳಿಜೋಳವೂ ಕಡಲೆಯೂ ಆ ಗಂಟಿನ ಮೇಲೆಯೇ ಬದುಕುವುವು. ಮಸಾರಿಗೆ ಅಂತಹ ಗಂಟಿಲ್ಲ. ಅದಕ್ಕೆ ಮುಂಗಾರಿನ ಬೆಳೆಯೇ ಸರಿ.

ಎರೆಯು ಬೇಸಗೆಯಲ್ಲಿ ಬಿರುಕು ಬಿಡುವುದಕ್ಕೂ ಕಾರಣ ಇದೇ ನುಣುಪು ಕಣಗಳು. ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುವುವು. ನೀರು ಹಾಳೆಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುವುದು, ಆರಿದಾಗ ಕುಗ್ಗುವುದು, ಕುಗ್ಗಿದ ಮಣ್ಣು ಬಿರಿಯದೆ ಬೇರೆ ದಾರಿಯಿಲ್ಲ. ಆ ಬಿರುಕುಗಳು ಆಳದ ಹಸಿಗೆ ಗಾಳಿಯನ್ನು ಬಿಟ್ಟು ಅದನ್ನು ಆರಿಸುವುವು. ನಿಂತ ಪೈರಿನಲ್ಲಿ ಎಡೆಕುಂಟೆ ಹೊಡೆಯುವ ಹಿರಿಯರ ಪದ್ಧತಿಯು ಕಳೆಯನ್ನು ಕೀಳುವುದಷ್ಟೇ ಅಲ್ಲದೆ, ಬಿರುಕಿನ ಬಾಯಿಗೆ ಪುಡಿಮಣ್ಣಿನ ಮುಚ್ಚಳವನ್ನೂ ಹಾಕುವುದು.

4. ಇಳಿಜಾರಿನ ನೀರು ಮಣ್ಣನ್ನು ಏಕೆ ಒಯ್ಯುವುದು?

ಕುರುಗೋಡಿನ ಗುಡ್ಡಗಳ ಬುಡದ ಹೊಲಗಳಲ್ಲಿ ನಡೆದವರಿಗೆ ಕೊರಕಲುಗಳ ಪರಿಚಯವಿದ್ದೇ ಇರುವುದು. ಹರಿಯುವ ನೀರಿನ ವೇಗವು ಎರಡರಷ್ಟಾದರೆ ಅದರ ಹೊಡೆತದ ಶಕ್ತಿಯು ಎರಡರಷ್ಟಲ್ಲ, ನಾಲ್ಕರಷ್ಟಾಗುವುದು. ವೇಗವು ಮೂರರಷ್ಟಾದರೆ ಶಕ್ತಿಯು ಒಂಬತ್ತರಷ್ಟು. ಇಳಿಜಾರಿನ ಉದ್ದಕ್ಕೂ ಗೀಟು ಎಳೆದು ಉತ್ತು ಬಿತ್ತಿದ ಹೊಲದಲ್ಲಿ ಪ್ರತಿಯೊಂದು ಸಾಲೂ ನೀರಿಗೆ ಓಡುವ ಕಾಲುವೆಯಾಗುವುದು. ಇಳಿಜಾರಿಗೆ ಅಡ್ಡಲಾಗಿ ಕೂರಿಗೆ ಹೂಡಿದರೆ ಪ್ರತಿಯೊಂದು ಸಾಲೂ ನೀರಿಗೆ ಕಟ್ಟೆಯಾಗುವುದು. ಖರ್ಚು ಒಂದೇ, ಎತ್ತಿನ ಅಥವಾ ಟ್ರಾಕ್ಟರಿನ ಮುಖ ತಿರುಗಿಸುವುದೊಂದೇ ಭೇದ.

ನಷ್ಟವೆಷ್ಟೆಂಬುದನ್ನೂ ಲೆಕ್ಕ ಹಾಕಬಹುದು. ಒಂದೆಕರೆಯಿಂದ ಒಂದೇ ಒಂದು ಮಿಲಿಮೀಟರು ದಪ್ಪದ ಮೇಲ್ಮಣ್ಣು ಹೋದರೆ ತೂಕದಲ್ಲಿ ಐದು ಟನ್ನು ಹೋದಂತೆ. ಬಂಡಿಗೆ ಅರ್ಧ ಟನ್ನು ಹಿಡಿದರೆ ಹತ್ತು ಬಂಡಿ ಮಣ್ಣು. ಕಣ್ಣಿಗೆ ಏನೂ ಕಾಣದು. ಆದರೆ ಹತ್ತು ಬಂಡಿ ಗೊಬ್ಬರ ಹಾಕಿದ ರೈತನು ಹತ್ತು ಬಂಡಿ ಫಲವತ್ತಾದ ಮಣ್ಣನ್ನು ಹಳ್ಳಕ್ಕೆ ಕೊಟ್ಟನೆಂದು ತಿಳಿಯಬೇಕು. ಹಗರಿಯ ಕ್ಷೇತ್ರದಲ್ಲಿ 1930ರ ದಶಕದಲ್ಲಿ ನಡೆದ ಒಣಬೇಸಾಯದ ಸಂಶೋಧನೆಯೂ, 1954ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾದ ಭೂಸಂರಕ್ಷಣಾ ಸಂಶೋಧನಾ ಕೇಂದ್ರವೂ ಈ ಸೀಮೆಯಲ್ಲೇ ಹುಟ್ಟಿದುದು ಸುಮ್ಮನೆ ಅಲ್ಲ.

ಹೀಗೆ ಹೋದ ಮಣ್ಣು ಎಲ್ಲಿ ಸೇರುವುದೆಂಬುದಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ. ಹೊಸಪೇಟೆಯ ಬಳಿ 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಅದರ ಹಿಡಿತವು ಸುಮಾರು 133 ಟಿ.ಎಂ.ಸಿ. ಎಂದು ಎಣಿಸಲಾಗಿತ್ತು. 2016ರ ಅಳತೆಯಲ್ಲಿ ಅದು 105.788ಕ್ಕೆ ಇಳಿದಿತ್ತು. ಸುಮಾರು 27 ಟಿ.ಎಂ.ಸಿ. ನೀರಿನ ಸ್ಥಳವನ್ನು ನದಿಯ ಮೇಲ್ಭಾಗದ ಹೊಲ ಕಾಡುಗಳಿಂದ ಬಂದ ಹೂಳು ಆಕ್ರಮಿಸಿದೆ.

5. ಕ್ಯುಸೆಕ್ಸ್, ಟಿ.ಎಂ.ಸಿ. ಎಂದರೇನು?

ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯುಸೆಕ್. ಗಂಟೆಗೆ 3,600 ಸೆಕೆಂಡು. ಆದುದರಿಂದ ಗಂಟೆಗೆ 3,600 ಘನ ಅಡಿ. ಎಕರೆಗೆ ಒಂದಂಗುಲ ನೀರೆಂದರೆ 3,630 ಘನ ಅಡಿಯೆಂದು ಮೇಲೆಯೇ ಕಂಡಿದೆ. ಈ ಎರಡು ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದು ರೈತನ ಭಾಗ್ಯ. ಒಂದು ಕ್ಯುಸೆಕ್ ನೀರು ಒಂದು ಗಂಟೆ ಹರಿದರೆ ಒಂದೆಕರೆಗೆ ಒಂದಂಗುಲ. ಈ ಸೂತ್ರವೊಂದನ್ನು ತಿಳಿದರೆ ಸರದಿಯ ಜಗಳಗಳಲ್ಲಿ ಅರ್ಧಪಾಲು ಕಟ್ಟೆಯ ಮೇಲೆಯೇ ತೀರುವುವು.

ಹೊಲಗಾಲುವೆಯಲ್ಲಿ ಎಷ್ಟು ಹರಿಯುತ್ತಿದೆಯೆಂದು ತಿಳಿಯಲು ನೆಟ್ಟಗಿರುವ ಭಾಗದಲ್ಲಿ ನಲವತ್ತಡಿ ಗುರುತು ಮಾಡಿ, ಒಣ ಕಡ್ಡಿಯ ತುಂಡನ್ನು ತೇಲಿಬಿಟ್ಟು, ಎಷ್ಟು ಸೆಕೆಂಡಿನಲ್ಲಿ ದಾಟುವುದೆಂದು ಗಡಿಯಾರದಲ್ಲಿ ನೋಡಬೇಕು. ಐವತ್ತು ಸೆಕೆಂಡು ಹಿಡಿದರೆ ವೇಗವು ಸೆಕೆಂಡಿಗೆ 0.8 ಅಡಿ. ಮೇಲಿನ ನೀರಿಗಿಂತ ತಳದ ನೀರು ನಿಧಾನವಾದುದರಿಂದ ಇದನ್ನು 0.85ರಿಂದ ಗುಣಿಸಿದರೆ 0.68. ನೀರಿನ ಅಗಲ ಎರಡಡಿ, ಆಳ ಮುಕ್ಕಾಲಡಿ ಇದ್ದರೆ, ಅಗಲ ಆಳ ವೇಗಗಳನ್ನು ಗುಣಿಸಲು 1.02 ಬರುವುದು, ಎಂದರೆ ಸುಮಾರು ಒಂದು ಕ್ಯುಸೆಕ್. ಮೂರೆಕರೆಗೆ ಮೂರಂಗುಲ ಬೇಕಾದರೆ ಒಂಬತ್ತು ಗಂಟೆ ಸಾಕು. ರಾತ್ರಿ ನೀರು ಬಿಟ್ಟು ಮಲಗಿ ಬೆಳಗಾದ ಮೇಲೆ ಮಡೆ ಕಟ್ಟುವವನು ಎರಡು ಮೂರು ಗಂಟೆಯ ನೀರನ್ನು, ಎಂದರೆ ಕೆಳಗಿನವನ ಒಂದೆಕರೆಯ ತಂಪನ್ನು, ವ್ಯರ್ಥ ಮಾಡಿದನೆಂದು ಲೆಕ್ಕವೇ ಹೇಳುವುದು.

ನೂರು ಕೋಟಿ ಘನ ಅಡಿಗೆ ಒಂದು ಟಿ.ಎಂ.ಸಿ. ಸುಮಾರು 11,500 ಕ್ಯುಸೆಕ್ಸ್ ಒಂದು ಹಗಲು ಒಂದು ರಾತ್ರಿ ಹರಿದರೆ ಅಷ್ಟಾಗುವುದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಪತ್ರಿಕೆಗಳಲ್ಲಿ ಬಂದ ಅಂಕಿಗಳನ್ನು ಈ ಸೂತ್ರದಿಂದ ಯಾರಾದರೂ ತಾಳೆ ನೋಡಬಹುದಾಗಿತ್ತು. ಒಂದು ಟಿ.ಎಂ.ಸಿ. ಎಂದರೆ ಸುಮಾರು 23,000 ಎಕರೆಗೆ ಒಂದಡಿ ನೀರು. ಭತ್ತಕ್ಕೆ ಬೆಳೆ ಮುಗಿಯುವವರೆಗೆ ನಾಲ್ಕಡಿ ಬೇಕೆಂದು ಹಿಡಿದರೆ ಸುಮಾರು 5,700 ಎಕರೆ. ಒಂದೂವರೆ ಅಡಿಯಲ್ಲಿ ಬರುವ ಜೋಳಕ್ಕಾದರೆ 15,000 ಎಕರೆಗೂ ಮೇಲೆ. ಕಾಲುವೆಯ ಸೋರಿಕೆಯು ಇದರಲ್ಲಿ ಸೇರಿಲ್ಲ. ಹೂಳಿನಿಂದ ನಷ್ಟವಾದ 27 ಟಿ.ಎಂ.ಸಿ. ಎಂದರೆ ಒಂದೂವರೆ ಲಕ್ಷ ಎಕರೆ ಭತ್ತದ ನೀರು.

6. ಸಿಹಿನೀರು ಹರಿದ ಭೂಮಿ ಸವಳಾಗುವುದು ಹೇಗೆ?

ಸಿರುಗುಪ್ಪದ ಕಡೆ ಬಹು ಜನರು ಕೇಳುವ ಪ್ರಶ್ನೆಯಿದು. ಕಾಲುವೆಯ ನೀರು ಬಾಯಿಗೆ ಸಿಹಿ. ಆದರೆ ಯಾವ ಹೊಳೆಯ ನೀರೂ ಪೂರ್ತಿ ಲವಣರಹಿತವಲ್ಲ. ದಿನಾಲೂ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವುದನ್ನು ಮನೆಯ ಹೆಂಗಸರು ಬಲ್ಲರು. ನೀರು ಆವಿಯಾಗಿ ಹೋಗುವುದು, ಲವಣವು ಹೋಗಲಾರದು.

ಲೀಟರಿಗೆ 300 ಮಿಲಿಗ್ರಾಂ ಲವಣವಿದೆಯೆಂದು ಉದಾಹರಣೆಗೆ ಹಿಡಿಯೋಣ. ಭತ್ತಕ್ಕೆ ನಾಲ್ಕಡಿ, ಎಂದರೆ 48 ಅಂಗುಲ. ಎಕರೆಗೆ 48 ಲಕ್ಷ ಲೀಟರು. ಇದರಲ್ಲಿ ಬರುವ ಲವಣ 1,440 ಕಿಲೋಗ್ರಾಂ. ಐವತ್ತು ಕಿಲೋ ಚೀಲಗಳಲ್ಲಿ ತುಂಬಿದರೆ ಇಪ್ಪತ್ತೊಂಬತ್ತು ಚೀಲ. ವರ್ಷಕ್ಕೆ ಎರಡು ಸಲ ಭತ್ತ ನೆಟ್ಟರೆ ಅದರ ಇಮ್ಮಡಿ. ನೀರು ಬಸಿದು ಹಳ್ಳ ಸೇರುವಂತಿದ್ದರೆ ಲವಣವೂ ಅದರೊಡನೆ ಹೋಗುವುದು. ಬಸಿಗಾಲುವೆ ಮುಚ್ಚಿಹೋಗಿದ್ದರೆ ಅಂತರ್ಜಲವು ಏರುತ್ತ ಬರುವುದು. ಅದು ನೆಲಕ್ಕೆ ಐದಾರು ಅಡಿ ಸಮೀಪಕ್ಕೆ ಬಂದಮೇಲೆ, ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಹೀರುವಂತೆ, ಮಣ್ಣಿನ ಸೂಕ್ಷ್ಮ ರಂಧ್ರಗಳು ಉಪ್ಪುನೀರನ್ನು ಮೇಲಕ್ಕೆ ಹೀರುವುವು. ಬಿಸಿಲಿಗೆ ನೀರು ಆರಿ ಉಪ್ಪು ನೆಲದ ಮೇಲೆ ನಿಲ್ಲುವುದು. ಮೊದಲು ಜವಳು, ಅನಂತರ ಸವಳು.

ಎರೆ ಭೂಮಿಯಲ್ಲಿ ನೀರು ಬಸಿಯುವುದು ನಿಧಾನವೆಂಬ ಕಾರಣದಿಂದಲೂ, ನೀರು ಹೆಚ್ಚು ಜನರಿಗೆ ಸಲ್ಲಬೇಕೆಂಬ ಉದ್ದೇಶದಿಂದಲೂ ತುಂಗಭದ್ರಾ ಯೋಜನೆಯಲ್ಲಿ ಬಹುಭಾಗ ಭೂಮಿಯನ್ನು ಜೋಳ ಹತ್ತಿಗಳಂತಹ ಅರೆನೀರಾವರಿ ಬೆಳೆಗಳಿಗೆಂದು ಗೊತ್ತುಮಾಡಲಾಗಿತ್ತು. ಕಾಲುವೆಯ ತಲೆಯವರು ಆ ಕಟ್ಟಳೆಯನ್ನು ಮೀರಿ ಭತ್ತ ನೆಟ್ಟುದರಿಂದ ಕೊನೆಯ ಭಾಗದವನು ನೀರಿಲ್ಲದೆ ಕೆಟ್ಟನು. ಮೀರಿದವರ ಭೂಮಿಯೂ ಅನೇಕ ಕಡೆ ಸವಳಾಗಿ ಕೆಟ್ಟಿತು. ಒಬ್ಬನಿಗೆ ಕೊರತೆಯಿಂದ ಆದ ನಷ್ಟವೂ ಇನ್ನೊಬ್ಬನಿಗೆ ಅತಿಯಿಂದ ಆದ ನಷ್ಟವೂ ಒಂದೇ ನೀರಿನಿಂದ ಆದುವು.

7. ಗ್ರಾಮದ ಹಿರಿಯರು ಮಾಡತಕ್ಕದ್ದೇನು?

ಮೊದಲನೆಯದಾಗಿ, ಊರಿಗೊಂದು ಮಳೆಯ ಅಳತೆಯನ್ನಿಟ್ಟು ಪುಸ್ತಕದಲ್ಲಿ ಬರೆಸಬೇಕು. ಎರಡನೆಯದಾಗಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದನ್ನೂ ಒಡೆದ ಒಡ್ಡುಗಳನ್ನು ಮಳೆಗಾಲಕ್ಕೆ ಮುಂಚೆ ಕಟ್ಟುವುದನ್ನೂ ತಾವೇ ಮೊದಲು ಮಾಡಿ ತೋರಿಸಬೇಕು. ಮೂರನೆಯದಾಗಿ, ಕಾಲುವೆಯ ಸರದಿಯನ್ನು ಗಂಟೆಯ ಲೆಕ್ಕದಿಂದ ಎಕರೆಗೆ ತಕ್ಕಂತೆ ಹಂಚಬೇಕು. ನಾಲ್ಕನೆಯದಾಗಿ, ಬಸಿಗಾಲುವೆಯ ಹೂಳನ್ನು ವರ್ಷಕ್ಕೊಮ್ಮೆ ಎಲ್ಲರೂ ಸೇರಿ ತೆಗೆಸಬೇಕು. ಒಬ್ಬನ ಹೊಲದಲ್ಲಿ ಮುಚ್ಚಿದ ಬಸಿಗಾಲುವೆಯು ಮೇಲಿನ ಹತ್ತು ಹೊಲಗಳನ್ನು ಸವಳು ಮಾಡಬಲ್ಲುದು. ಐದನೆಯದಾಗಿ, ಬಿಳಿಯ ಪದರ ಕಂಡ ಭೂಮಿಯ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ ಆಮೇಲೆ ಉಪಚಾರ ಮಾಡಬೇಕು. ಕ್ಷಾರದ ಭೂಮಿಗೆ ಜಿಪ್ಸಮ್ಮು ಗುಣಕಾರಿ. ಬರಿಯ ಉಪ್ಪಿನ ಭೂಮಿಗೆ ಬಸಿಗಾಲುವೆ ತೋಡಿ ಸಿಹಿನೀರಿನಿಂದ ತೊಳೆಯುವುದೇ ಮದ್ದು. ಬಸಿಯುವ ದಾರಿಯಿಲ್ಲದೆ ಜಿಪ್ಸಮ್ಮು ಹಾಕಿದರೆ ಹಣವೇ ನಷ್ಟ.

ಮನೆಯ ಹಣಕ್ಕೆ ಜಮಾಖರ್ಚು ಬರೆಯದ ಭೂಮಾಲಿಕರು ಇಲ್ಲ. ಹಣವನ್ನು ದುಡಿದು ತರಬಹುದು. ಹೋದ ಮಣ್ಣನ್ನೂ ಸವಳಾದ ಗದ್ದೆಯನ್ನೂ ಒಂದು ತಲೆಮಾರಿನಲ್ಲಿ ಮರಳಿ ಪಡೆಯುವುದು ಕಷ್ಟ. ಆದುದರಿಂದ ಆ ಜಮಾಖರ್ಚಿನ ಪುಸ್ತಕದಲ್ಲೇ ನೀರಿಗೂ ಒಂದು ಪುಟವನ್ನು ತೆಗೆದಿಡುವುದು ಉಚಿತ.